ಶಹಾಬಾದ್ ಕಲ್ಲು, ಬೋರ್ ನೀರು ಮತ್ತು ಬೇಯದ ಬೇಳೆ

ಕಲಬುರಗಿ ನಗರದ ಒಳಗೇ ಇರುವ ಶಾಲೆ ನಮ್ಮದು. ವಿಜ್ಞಾನಕ್ಕೆ ಬಂದ ಹಣದಲ್ಲಿ ಸ್ಮಾರ್ಟ್ ಬೋರ್ಡ್ ಕೊಳ್ಳಬೇಕಾ, ಲ್ಯಾಬ್ ಸರಿ ಮಾಡಿಸಬೇಕಾ ಅಂತ ಸ್ಟಾಫ್ ರೂಮಿನಲ್ಲಿ ಎರಡು ಶನಿವಾರ ವಾದ ನಡೆಯಿತು. ನಾನು ಕೇಳಿದ್ದು ವಾರಕ್ಕೊಮ್ಮೆ ಎರಡು ಪೀರಿಯಡ್ ಒಟ್ಟಿಗೆ. 40 ನಿಮಿಷದಲ್ಲಿ ಹಾಜರಿ ಕರೆದು ಸಾಮಾನು ಹಂಚುವಷ್ಟರಲ್ಲಿ ಬೆಲ್ ಆಗಿರುತ್ತದೆ. 'ಎಸ್ಸೆಸ್ಸೆಲ್ಸಿ ರಿಸಲ್ಟ್ ಬಿದ್ರ ಏನ್ರೀ ಸರ್?' ಎಂದರು ಗಣಿತದ ಮೇಡಂ. ಅವರ ಭಯ ಸುಳ್ಳಲ್ಲ. ಒಂದು ತಿಂಗಳ ಮಟ್ಟಿಗೆ ಅಂತ ಒಪ್ಪಂದವಾಯಿತು.

10ನೇ ತರಗತಿಯ ಆಮ್ಲ, ಪ್ರತ್ಯಾಮ್ಲಗಳ ಪಾಠ ಹಿಡಿದೆ. ಕಾಲ ಕೆಳಗೇ ಶಹಾಬಾದ್ ಕಲ್ಲಿನ ನೆಲ. ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್‌ಗೆ ಸುಡುವುದೂ ಸುಣ್ಣದ ಕಲ್ಲನ್ನೇ. ಆಮ್ಲ ಬಿದ್ದರೆ ಗುಳ್ಳೆ ಏಳಬೇಕು ಅಂತ ನೆಲದ ಮೇಲೆ ನಿಂಬೆ ಹಿಂಡಿದೆ. ಜಿಡ್ಡು ಹಿಡಿದ ಕಲ್ಲು, ಏನೂ ಕಾಣಲಿಲ್ಲ. ಮಕ್ಕಳು ನಕ್ಕರು. ಮನೆಯಲ್ಲಿ ಒಮ್ಮೆ ಮಾಡಿ ನೋಡದೆ ಬಂದಿದ್ದೆ, ತಪ್ಪು ನನ್ನದೇ.

ಮರುವಾರ ಒಡೆದ ಚೂರನ್ನು ಕುಟ್ಟಿ ಬಾಟಲಿಗೆ ಹಾಕಿ ವಿನೆಗರ್ ಸುರಿದೆವು. ಗುಳ್ಳೆ ಎದ್ದವು. ಆ ಗಾಳಿಯನ್ನು ಪೈಪಿನಲ್ಲಿ ಸುಣ್ಣದ ತಿಳಿನೀರಿಗೆ ಬಿಟ್ಟಾಗ ನೀರು ಹಾಲಿನಂತಾಯಿತು, ಅಂದರೆ ಅದು ಕಾರ್ಬನ್ ಡೈಆಕ್ಸೈಡ್. ಸುಣ್ಣ ಪಾನ್ ಅಂಗಡಿಯದು.

ಪಾಠ ಅಲ್ಲಿಗೇ ಮುಗಿಯಬೇಕಿತ್ತು. ಹಿಂದಿನ ಬೆಂಚಿನ ಹುಡುಗಿ ಎದ್ದಳು. 'ಸರ್, ನೀರು ಕಾಸೋ ಪಾತ್ರಿಗಿ ಬೆಳ್ಳಗ ಕಟ್ಟತದಲ್ರೀ, ಅದೂ ಇದೇ ಏನ್ರೀ?' ಮರುದಿನ ಕೆರೆದು ತಂದಳು. ವಿನೆಗರ್ ಬಿದ್ದೊಡನೆ ಅದೂ ನೊರೆಯಿತು. ಅಷ್ಟರಲ್ಲಿ ಇನ್ನೊಬ್ಬ, 'ಅದಕ್ಕೇ ಬೋರಿನ ನೀರಾಗ ಬ್ಯಾಳಿ ಕುದಿಯಂಗಿಲ್ಲೇನ್ರೀ?' ಅಂದ. ತೊಗರಿ ಬೆಳೆಯುವ ಊರು, ಬೇಳೆ ವಿಷಯದಲ್ಲಿ ಎಲ್ಲರೂ ಪಂಡಿತರೇ.

ಬೇಯಿಸಿಯೇ ನೋಡಿದೆವು. ಒಲೆ ಮಾತ್ರ ನನ್ನ ಕೈಯಲ್ಲಿ. ಪ್ರತಿ ತಂಡಕ್ಕೂ ಎರಡು ಪಾತ್ರೆ: ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಲವಣ ಸೋಸಿ ತೆಗೆದ ಕ್ಯಾನಿನ ಆರ್‌ಒ ನೀರು. ಬೇಳೆ, ನೀರು, ಸಮಯ ಎಲ್ಲಾ ಸಮ. ಬೋರ್ ನೀರಿನ ಬೇಳೆ ಗಟ್ಟಿಯಾಗೇ ಉಳಿಯಿತು. ಸುಣ್ಣದ ಕಲ್ಲಿನಲ್ಲೂ ಬೋರ್ ನೀರಿನಲ್ಲೂ ಇರುವ ಕ್ಯಾಲ್ಸಿಯಂ, ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಆದರೆ ಒಂದು ತಂಡದ ಆರ್‌ಒ ನೀರಿನ ಬೇಳೆಯೂ ಬೇಯಲಿಲ್ಲ! ಕಳ್ಳಾಟ ಅಂತ ಗಲಾಟೆ. ವಿಚಾರಿಸಿದರೆ ಅವರದು ಹಳೇ ಬೇಳೆ. ಹಳೆಯದೂ ಬೇಗ ಬೇಯುವುದಿಲ್ಲ.

'ಕಲ್ಲು ನೀರಾಗ ಕರಗಂಗಿಲ್ಲ, ಮತ್ತ ಬೋರಿನ್ಯಾಗ ಹೆಂಗ ಬಂತ್ರೀ?' ಎಂದು ಮಕ್ಕಳು ಕೇಳಿದರು. ಉತ್ತರ ಬಾಯಿತುದಿಗೆ ಬಂದಿತ್ತು, ಸುಮ್ನೆ ಇದ್ದೆ. ಕಲ್ಲಿನ ಪುಡಿಯ ಒಂದು ಬಾಟಲಿಗೆ ಆರ್‌ಒ ನೀರು, ಇನ್ನೊಂದಕ್ಕೆ ಅದೇ ಕಾರ್ಬನ್ ಡೈಆಕ್ಸೈಡ್ ಇರುವ ಕುಡಿಯುವ ಸೋಡಾ ತುಂಬಿ ಮುಚ್ಚಳ ಬಿಗಿದಿದ್ದೇವೆ. ಶನಿವಾರ ಸೋಸಿ, ನೀರೆಲ್ಲ ಇಂಗುವವರೆಗೆ ಕುದಿಸಿ, ತಳದಲ್ಲಿ ಏನುಳಿಯುತ್ತದೆ ನೋಡಬೇಕು. ಮೂರನೆಯ ಬಾಟಲಿಯೂ ಇದೆ, ಕಲ್ಲಿಲ್ಲದ ಬರೀ ಸೋಡಾ. ಅದು ಬೇಕೇ ಬೇಕು ಅಂತ ಪಟ್ಟು ಹಿಡಿದವರು ಹಳೇ ಬೇಳೆ ತಂದ ಹುಡುಗರು.