ಆರು ಟ್ವೀಟಿನಲ್ಲಿ ಕೊಕ್ಕರೆ ಬೆಳ್ಳೂರು

ಟ್ವಿಟರ್‌ನಲ್ಲೇ ನಡೆಯುವ ಸಮ್ಮೇಳನ ಹಕ್ಕಿ ಅಧ್ಯಯನ ಮಾಡುವವರಿಗೆ ಹೊಸದೇನಲ್ಲ. 2015ರಲ್ಲೇ ಕಡಲ ಹಕ್ಕಿಗಳ ಬಗ್ಗೆ ವರ್ಲ್ಡ್ ಸೀಬರ್ಡ್ ಟ್ವಿಟರ್ ಕಾನ್ಫರೆನ್ಸ್ ಆಗಿತ್ತು. ಅಂಥದ್ದೇ ಒಂದರಲ್ಲಿ ನಾನೂ ವಿಷಯ ಮಂಡಿಸಿದೆ. ಆಗಿನ್ನೂ ಟ್ವಿಟರ್ ಹೆಸರು ಎಕ್ಸ್ ಆಗಿರಲಿಲ್ಲ. ವೀಸಾ ಬೇಡ, ವಿಮಾನದ ಖರ್ಚಿಲ್ಲ. ಒಬ್ಬರಿಗೆ ಆರು ಟ್ವೀಟ್, ಹದಿನೈದು ನಿಮಿಷ, ಅಷ್ಟೇ.

ನನ್ನ ವಿಷಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಜನ ಓಡಿಸುವುದಿಲ್ಲ. ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಇಷ್ಟನ್ನೆಲ್ಲ ಆರು ಟ್ವೀಟಿಗೆ ಇಳಿಸುವುದು ಹೇಗೆ? ನಾನು ಹಿಡಿದ ದಾರಿ ಒಂದೇ: ಪ್ರತಿ ಟ್ವೀಟೂ ಒಂಟಿಯಾಗಿ ನಿಲ್ಲಬೇಕು. ಸಭಾಂಗಣದಲ್ಲಾದರೆ ಜನ ಮೊದಲಿನಿಂದ ಕೂತು ಕೇಳುತ್ತಾರೆ, ಇಲ್ಲಿ ಯಾರೋ ನಾಲ್ಕನೆಯದನ್ನು ರಿಟ್ವೀಟ್ ಮಾಡಿರುತ್ತಾರೆ, ಓದುವವರು ಅಲ್ಲಿಂದಲೇ ಒಳಗೆ ಬರುತ್ತಾರೆ. ಅದಕ್ಕೇ ‘ಮೇಲೆ ಹೇಳಿದ ಹಾಗೆ’ ಅನ್ನುವ ಮಾತು ಎಲ್ಲೂ ಬಳಸಲಿಲ್ಲ. ಊರಿನ ಹೆಸರು, ಹಕ್ಕಿಯ ಹೆಸರು, ಹ್ಯಾಶ್‌ಟ್ಯಾಗ್, 1/6, 2/6 ಅನ್ನುವ ಸಂಖ್ಯೆ ಎಲ್ಲದರಲ್ಲೂ ಇಟ್ಟೆ. ಒಂದು ಟ್ವೀಟಿಗೆ ಒಂದೇ ವಿಷಯ. ಅಂಕಿಅಂಶ ಜಾಸ್ತಿ ತುಂಬಿದರೆ ಫೋನಿನಲ್ಲಿ ಯಾರೂ ಓದುವುದಿಲ್ಲ.

ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಬೇರೆ ಥ್ರೆಡ್, ಅಂದರೆ ಒಂದಕ್ಕೊಂದು ಪೋಣಿಸಿದ ಟ್ವೀಟುಗಳ ಸಾಲು, ಹಾಕಿದೆ. ಊರಿನವರ ವಿಷಯ ಊರಿನವರೇ ಓದಲಾಗದಿದ್ದರೆ ಹೇಗೆ, ಅಲ್ವಾ? ಕನ್ನಡದಲ್ಲಿ ಒಂದು ಟ್ವೀಟಿಗೆ 280 ಅಕ್ಷರಗಳ ಮಿತಿ ನಿಜಕ್ಕೂ ಬಿಗಿ, ಯಾಕೆಂದರೆ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಹೆಜ್ಜಾರ್ಲೆ’ ನಮ್ಮ ಕಣ್ಣಿಗೆ ಮೂರಕ್ಷರ, ಟ್ವಿಟರ್ ಲೆಕ್ಕದಲ್ಲಿ ಹತ್ತು. ಹಾಗಾಗಿ ಇಂಗ್ಲಿಷನ್ನು ಅನುವಾದ ಮಾಡದೆ, ಕನ್ನಡದ್ದನ್ನು ಮೊದಲಿನಿಂದ ಬರೆದೆ, ಸಣ್ಣ ಸಣ್ಣ ವಾಕ್ಯಗಳಲ್ಲಿ.

ಚಿತ್ರಗಳಿಗೆ ಹೆಚ್ಚು ಸಮಯ ಕೊಟ್ಟೆ. ಒಂದು ಟ್ವೀಟಿಗೆ ನಾಲ್ಕು ಚಿತ್ರ ಹಾಕಬಹುದು, ನಾನು ಹೆಚ್ಚಾಗಿ ಒಂದೇ ಹಾಕಿದೆ, ದೊಡ್ಡದಾಗಿ ಕಾಣಲಿ ಎಂದು. ನಕ್ಷೆಯ ಅಕ್ಷರಗಳನ್ನು ನನ್ನ ಫೋನಿನಲ್ಲೇ, ಹೊರಗೆ ಬಿಸಿಲಿನಲ್ಲಿ ನಿಂತು ಓದಿ ನೋಡಿದೆ. ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಎನ್ನುವ ವಿವರಣೆ, ಬರೆದೆ, ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವುದು ಅದನ್ನೇ. ಇದನ್ನು ದಯವಿಟ್ಟು ಬಿಡಬೇಡಿ.

ಮಂಡಿಸುವ ದಿನದ ಕೆಲಸ ಸರಳ. ವೇಳಾಪಟ್ಟಿ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿತ್ತು, ನಮ್ಮ ಸಮಯ ತಿಳಿಯಲು ಅದಕ್ಕೆ ಐದೂವರೆ ಗಂಟೆ ಸೇರಿಸಿಕೊಂಡೆ. ಬರಹವೆಲ್ಲ ಒಂದು ಫೈಲಿನಲ್ಲಿ, ಚಿತ್ರಗಳು ಸಂಖ್ಯೆ ಹಾಕಿ ಒಂದು ಫೋಲ್ಡರಿನಲ್ಲಿ. ಒಟ್ಟಿಗೆ ಸುರಿಯದೆ, ಹಿಂದಿನದಕ್ಕೆ ರಿಪ್ಲೈ ಆಗಿ ಒಂದೊಂದಾಗಿ ಹಾಕುತ್ತಾ ಹೋದೆ, ನಡುವೆ ಓದುವುದಕ್ಕೆ ಬಿಡುವು ಕೊಟ್ಟು.

ನನಗೆ ತುಂಬಾ ಇಷ್ಟವಾದದ್ದು ಪ್ರಶ್ನೆಗಳ ಹೊತ್ತು. ಇಂಗ್ಲಿಷ್ ಥ್ರೆಡ್‌ನಲ್ಲಿ ಒಬ್ಬರು ಹಿಕ್ಕೆಯನ್ನು ಹೇಗೆ ಸಂಗ್ರಹಿಸುತ್ತಾರೆ ಎಂದು ಕೇಳಿದರು. ಅದನ್ನು ಕನ್ನಡಕ್ಕೆ ತಂದು ಹಾಕಿದೆ. ಮಂಡ್ಯ ಕಡೆಯವರೊಬ್ಬರು ಮರದ ಸುತ್ತ ಗುಂಡಿ ತೋಡುವುದು, ಹಿಕ್ಕೆಗೆ ಕೆರೆಯ ಗೋಡು ಬೆರೆಸುವುದು ಎಲ್ಲ ವಿವರವಾಗಿ ಬರೆದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ, ಅವರನ್ನು ಟ್ಯಾಗ್ ಮಾಡಿ ಉತ್ತರ ಕೊಟ್ಟೆ. ನನ್ನ ಹದಿನೈದು ನಿಮಿಷ ಮುಗಿದ ಮೇಲೂ ಅವರಿಬ್ಬರ ಮಾತು ನನ್ನ ಮೂಲಕ ನಡೆಯುತ್ತಲೇ ಇತ್ತು.