ಆನ್ ಆಗಿ ಮೂರೇ ಸೆಕೆಂಡಿಗೆ ಆಫ್ ಆಗ್ತಿದ್ದ ಟಿವಿ: ನಾನು ಸರಿ ಮಾಡಿದ್ದು ಹೀಗೆ

ಟಿವಿ ಆನ್ ಆಗುತ್ತೆ ಆದ್ರೆ ನಿಲ್ಲಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ತಕ್ಷಣ ಸ್ಕ್ರೂಡ್ರೈವರ್ ತಗೊಳ್ಳಲ್ಲ. ಎಷ್ಟು ಹೊತ್ತಿಗೆ ಆಫ್ ಆಗುತ್ತೆ, ಶುರುನಲ್ಲಿ ಎಷ್ಟು ಹೊತ್ತು ಇರ್ತಿತ್ತು, ಈಗ ಎಷ್ಟಾಗಿದೆ, ಇದನ್ನ ಕೇಳ್ತೀನಿ. ಅರ್ಧ ಉತ್ತರ ಅಲ್ಲೇ ಸಿಕ್ಬಿಡುತ್ತೆ.

ತಿಪಟೂರಲ್ಲಿರೋ ನಮ್ಮ ಚಿಕ್ಕಮ್ಮನ ಮನೇದು 32 ಇಂಚಿನ ಎಲ್ಇಡಿ ಟಿವಿ. "ಮೊದಮೊದ್ಲು ಒಂದು ಸೀರಿಯಲ್ ಮುಗಿಯೋ ತಂಕ ಇರ್ತಿತ್ತು ಕಣೋ, ಆಮೇಲೆ ಮೊದ್ಲನೇ ಅಡ್ವರ್ಟೈಸ್ಮೆಂಟ್ ಬರೋದ್ರೊಳಗೆ ಹೋಗ್ತಿತ್ತು, ಈಗ ನೋಡು, ಕಂಪ್ನಿ ಹೆಸ್ರು ಬರುತ್ತೆ, ಹೋಗುತ್ತೆ" ಅಂದ್ರು. ಅಲ್ಲೇ ಒಬ್ಬ ಮೆಕ್ಯಾನಿಕ್ ನೋಡಿ ಬೋರ್ಡ್ ಹೋಗಿದೆ, ಯಾವ ಕಂಪ್ನಿ ಟಿವಿಗೂ ಹಾಕೋ ಯೂನಿವರ್ಸಲ್ ಬೋರ್ಡ್ ಹಾಕಿಸ್ಬೇಕು, 3,500 ಆಗುತ್ತೆ ಅಂದಿದ್ರಂತೆ. ನಿಲ್ಲೋ ಟೈಮು ಹೀಗೆ ದಿನಾ ಕಮ್ಮಿ ಆಗ್ತಾ ಬಂತು ಅಂದ್ರೆ ಬಿಸಿಗೆ ಕೈ ಕೊಡ್ತಿರೋ ಪಾರ್ಟು ಯಾವುದೋ ಇದೆ ಅಂತ ನನ್ನ ಲೆಕ್ಕ, ಸಾಫ್ಟ್‌ವೇರ್ ಕೆಟ್ಟಿದ್ರೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲ್ಲ, ಲೋಗೋ ಬಂದು ರೀಸ್ಟಾರ್ಟ್, ಮತ್ತೆ ಲೋಗೋ, ಮತ್ತೆ ರೀಸ್ಟಾರ್ಟ್ ಅಂತ ಸುತ್ತುತ್ತಾ ಇರುತ್ತೆ.

ಬಿಚ್ಚೋ ಮುಂಚೆ ಬಿಟ್ಟಿ ಕೆಲಸಗಳು ಕೆಲವಿವೆ, ಅವನ್ನ ಮುಗಿಸ್ಕೊಂಡೆ. ರಿಮೋಟಿನ ಸೆಲ್ ತೆಗೆದಿಟ್ಟೆ, ಪವರ್ ಬಟನ್ ಒಳಗೇ ಕಚ್ಕೊಂಡಿದ್ರೆ ಅದೇ ಆಫ್ ಮಾಡ್ತಾ ಕೂತಿರುತ್ತೆ. ಸೆಟ್ ಟಾಪ್ ಬಾಕ್ಸಿನ ಎಚ್‌ಡಿಎಂಐ ಕೇಬಲ್ ಕಿತ್ತೆ, ಯಾಕಂದ್ರೆ ಬಾಕ್ಸ್ ಆಫ್ ಆದ್ರೆ ಟಿವೀನೂ ಆಫ್ ಆಗೋ ಸೆಟ್ಟಿಂಗ್ ಕೆಲವದ್ರಲ್ಲಿ ಇರುತ್ತೆ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆ ಪ್ಲಗ್ಗಿಗೆ ಹಾಕಿದೆ. ಚಿಕ್ಕಪ್ಪ ಸ್ಟೆಬಿಲೈಸರ್ ತರೋಣ ಅಂತ ಹೊರಟಿದ್ರು, ಬೇಡ ಅಂದೆ. ಹಿಂದಿನ ಸ್ಟಿಕ್ಕರಲ್ಲಿ 100ರಿಂದ 240 ವೋಲ್ಟ್ ಅಂತ ಬರೆದಿತ್ತು, ಊರಲ್ಲಿ ಸಂಜೆ ಕರೆಂಟು 170ಕ್ಕೆ ಇಳಿದ್ರೂ ಅದಕ್ಕೇನೂ ಆಗಲ್ಲ. ಇಷ್ಟಾದ್ರೂ ಟಿವಿ ಅದೇ ಮೂರು ಸೆಕೆಂಡು.

ಸರಿ, ಪ್ಲಗ್ ಕಿತ್ತು ಹಿಂದಿನ ಕವರ್ ಬಿಚ್ಚಿದೆ. ಇಲ್ಲಿ ಒಂದು ಮಾತು, ಪ್ಲಗ್ ಕಿತ್ರೂ ಪವರ್ ಸೈಡಲ್ಲಿ ಕರೆಂಟ್ ಹಿಡಿದಿಟ್ಕೊಳ್ಳೋ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿಗೂ ಮೇಲೆ ಡಿಸಿ ಉಳ್ಕೊಂಡಿರಬಹುದು, ಹೊಡೆದ್ರೆ ತಮಾಷೆ ಅಲ್ಲ. ಕೆಲವರು ಸ್ಕ್ರೂಡ್ರೈವರಲ್ಲಿ ಟಪ್ ಅಂತ ಶಾರ್ಟ್ ಮಾಡ್ತಾರೆ, ನಾನು ಮಾಡಲ್ಲ, ಹಳೇ ಫಿಲಮೆಂಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಇಟ್ಕೊಂಡಿದೀನಿ, ಅದರಲ್ಲಿ ಖಾಲಿ ಮಾಡಿ ಮೀಟರಲ್ಲಿ ಸೊನ್ನೆ ನೋಡಿದ್ಮೇಲೇ ಕೈ ಹಾಕೋದು. ಮನೆ ಕರೆಂಟ್ ವೈರಿಂಗ್ ಬಿಟ್ರೆ ಬೇರೆ ಅಭ್ಯಾಸ ಇಲ್ಲದವರು ಈ ಕವರ್ ಬಿಚ್ಚದೇ ಇರೋದು ಒಳ್ಳೇದು.

ಒಳಗಿದ್ದದ್ದು ಕಾಂಬೋ ಬೋರ್ಡು. ಪವರ್ ಸಪ್ಲೈ, ಚಿತ್ರ-ಸೌಂಡ್ ನೋಡ್ಕೊಳ್ಳೋ ಮೇನ್, ಪರದೆ ಹಿಂದಿನ ಎಲ್ಇಡಿ ಬೆಳಕಿಗೆ (ಬ್ಯಾಕ್‌ಲೈಟ್) ಕರೆಂಟ್ ಕೊಡೋ ಡ್ರೈವರ್ ಮೂರೂ ಒಂದೇ ಬೋರ್ಡಲ್ಲಿ. ಅದಕ್ಕೇ ಯಾರೇ ನೋಡಿದ್ರೂ "ಬೋರ್ಡ್" ಅಂದ್ಬಿಡೋದು, ಯಾವ ಭಾಗ ಅಂತ ಹುಡುಕೋಕೆ ಟೈಮ್ ಯಾರಿಗಿದೆ. ಕೆಪಾಸಿಟರ್ ತಲೆ ಯಾವುದೂ ಉಬ್ಬಿರಲಿಲ್ಲ. ಮೀಟರಿನ ಕಪ್ಪು ಪ್ರೋಬನ್ನ ಗ್ರೌಂಡ್ ಆಗಿರೋ ಟ್ಯೂನರ್ ಡಬ್ಬಿಗೆ ಇಟ್ಟು ಕೆಂಪನ್ನ ಪವರ್ ಸಪ್ಲೈ ಕೊಡೋ 12 ವೋಲ್ಟ್ ಲೈನಿಗೆ ಇಟ್ಟು ಆನ್ ಮಾಡಿಸಿದೆ. ಟಿವಿ ಹೋಗೋ ಹೊತ್ತಲ್ಲಿ ಈ 12 ಏನಾಗುತ್ತೆ ಅನ್ನೋದೇ ಮುಖ್ಯ, ಸುಮ್ನಿರುವಾಗ ಅಳೆದ್ರೆ ಏನೂ ಗೊತ್ತಾಗಲ್ಲ. ಲೋಡ್ ಬಿದ್ದ ತಕ್ಷಣ ಅದು 9ಕ್ಕೋ 8ಕ್ಕೋ ಕುಸಿದಿದ್ರೆ ಆ 12ರ ಕಡೆ ಇರೋ ಸೆಕೆಂಡರಿ ಕೆಪಾಸಿಟರ್ ಮೇಲೆ ಅನುಮಾನ ಪಡ್ತಿದ್ದೆ, ಅದೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, 105 ಡಿಗ್ರಿ ಶಾಖ ತಡೆಯೋದನ್ನ ಹಾಕಿದ್ರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತೆ. ಆದ್ರೆ ಇಲ್ಲಿ 12 ಕದಲಲೇ ಇಲ್ಲ, ಟಿವಿ ಆಫ್ ಆದ್ಮೇಲೂ ಹಾಗೇ ನಿಂತಿತ್ತು. ಅಂದ್ರೆ ಪವರ್ ಸಪ್ಲೈ ಚೆನ್ನಾಗಿದೆ, ಬೇರೆ ಯಾರೋ ಆಫ್ ಮಾಡಿಸ್ತಿದಾರೆ.

ಆಮೇಲೆ ಬ್ಯಾಕ್‌ಲೈಟ್ ಕನೆಕ್ಟರಿಗೆ ಮೀಟರ್ ಇಟ್ಟೆ. ಈ ಟಿವಿಯಲ್ಲಿ ಮೂರು ಪಟ್ಟಿ, ಒಂದೊಂದ್ರಲ್ಲಿ 3 ವೋಲ್ಟಿನ 6 ಎಲ್ಇಡಿ, ಎಲ್ಲಾ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು, ಹಾಗಾಗಿ 54 ವೋಲ್ಟ್ ಆಸುಪಾಸಲ್ಲಿ ನಿಲ್ಬೇಕು. ನಿಲ್ಲಲಿಲ್ಲ. 80 ದಾಟಿ ಹೋಗಿ ಧಡಕ್ಕನೆ ಬಿತ್ತು, ಅದೇ ಕ್ಷಣ ಟಿವಿ ಆಫ್, ಸ್ಟ್ಯಾಂಡ್‌ಬೈ ಕೆಂಪು ಲೈಟು. ಸೀರೀಸಲ್ಲಿ ಒಂದು ಎಲ್ಇಡಿ ಓಪನ್ ಆದ್ರೂ (ಒಳಗೆ ಕಟ್ ಆದ್ರೂ) ಕರೆಂಟ್ ಹರಿಯಲ್ಲ, ಕರೆಂಟ್ ಬರ್ತಿಲ್ಲ ಅಂತ ಡ್ರೈವರ್ ವೋಲ್ಟೇಜ್ ಏರಿಸ್ತಾ ಹೋಗುತ್ತೆ, ಮಿತಿ ಮುಟ್ಟಿದ ತಕ್ಷಣ ಪ್ರೊಟೆಕ್ಷನ್, ಅಂದ್ರೆ ತಾನೇ ಆಫ್ ಮಾಡ್ಕೊಳ್ಳುತ್ತೆ. ಕೆಲವು ಟಿವೀಲಿ ಇಷ್ಟಾದ್ರೆ ಪರದೆ ಮಾತ್ರ ಕಪ್ಪಾಗಿ ಸೌಂಡ್ ಬರ್ತಾ ಇರುತ್ತೆ, ಅಂಥದಕ್ಕೆ ಟಾರ್ಚ್ ಬಿಟ್ಟು ನೋಡಿದ್ರೆ ಚಿತ್ರ ಮಸುಕಾಗಿ ಕಾಣುತ್ತೆ. ಈ ಬೋರ್ಡ್ ಪೂರ್ತಿ ಸ್ಟ್ಯಾಂಡ್‌ಬೈಗೆ ಹೋಗ್ತಿತ್ತು, ಟಾರ್ಚ್ ಬಿಟ್ರೆ ಕಾಣೋದೇನು? ಖಾತ್ರಿಗೆ ಪ್ಲಗ್ ಕಿತ್ತು, ಕನೆಕ್ಟರ್ ಬಿಡಿಸಿ, ಎಲ್ಇಡಿ ಟೆಸ್ಟರ್ ಹಚ್ಚಿದೆ, ಪರದೆ ಒಂದು ಸಲ ಬೆಳಗಿ ಮಿಣಮಿಣ ಅಂದು ಆರ್ತು. ಎಲ್ಇಡಿ ಒಳಗಿನ ಕೂದಲೆಳೆ ವೈರು ತಣ್ಣಗಿದ್ದಾಗ ತಾಗಿರುತ್ತೆ, ಬಿಸಿಯಾದ್ರೆ ಬಿಟ್ಕೊಳುತ್ತೆ. ಚಿಕ್ಕಮ್ಮನ ಸೀರಿಯಲ್ ಲೆಕ್ಕ ಇದಕ್ಕೆ ಸರಿಯಾಗಿ ಹೊಂದ್ತು.

ಈಗ ಕಷ್ಟದ ಕೆಲಸ, ಪ್ಯಾನಲ್ ಎತ್ತೋದು. ಎಲ್ಇಡಿ ಪಟ್ಟಿ ಇರೋದು ಗಾಜಿನ ಹಿಂದೆ, ಆ ಗಾಜೋ ಹಪ್ಪಳ ಇದ್ದಂಗೆ, ಮೂಲೆ ಹಿಡಿದು ಎತ್ತಿದ್ರೆ ಮುಗೀತು, ಪ್ಯಾನಲ್ ಒಡೆದ್ರೆ ಹೊಸ ಟಿವಿ ತಗೊಳ್ಳೋದೇ ವಾಸಿ. ಮಂಚದ ಮೇಲೆ ಬೆಡ್‌ಶೀಟ್ ಹಾಸಿ, ಫ್ಯಾನ್ ಆಫ್ ಮಾಡಿ, ತಮ್ಮನ್ನ ಒಂದು ಕಡೆ ನಿಲ್ಲಿಸ್ಕೊಂಡು ಇಬ್ಬರೂ ಒಟ್ಟಿಗೆ ಎತ್ತಿದ್ವಿ. ಗಾಜಿನ ಅಂಚಿಂದ ಸಣ್ಣ ಬೋರ್ಡಿಗೆ ಹೋಗೋ ತೆಳು ರಿಬ್ಬನ್‌ಗಳಿವೆಯಲ್ಲ, ಅವು ಮಡಚಬಾರದು, ಎಳೀಬಾರದು, ಒಂದು ಹರಿದ್ರೂ ಪರದೆ ಮೇಲೆ ಶಾಶ್ವತ ಗೆರೆ. ಕೆಳಗಿನ ಬಿಳಿ ಶೀಟುಗಳನ್ನ ಒಟ್ಟಿಗೇ ಎತ್ತಿಟ್ಟೆ, ಹಿಂದೆಮುಂದೆ ಆಗ್ದೇ ಇರ್ಲಿ ಅಂತ ಮೂಲೇಲಿ ಮಾರ್ಕರಲ್ಲಿ ಗುರುತು.

ನಡುವಿನ ಪಟ್ಟಿಯ ಒಂದು ಎಲ್ಇಡಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ. ಅದೊಂದನ್ನೇ ಬದಲಾಯಿಸಬಹುದಿತ್ತು, ಆದ್ರೆ ಉಳಿದ ಹದಿನೇಳಕ್ಕೂ ಅಷ್ಟೇ ವಯಸ್ಸಾಗಿದೆ, ಇನ್ನೊಂದು ಹೋದಾಗ ಮತ್ತೆ ಆ ಗಾಜು ಎತ್ತೋ ಧೈರ್ಯ ನನಗಿಲ್ಲ. ಪಟ್ಟಿ ಮೇಲಿನ ನಂಬರ್, ಉದ್ದ, ಎಲ್ಇಡಿ ಎಣಿಕೆ, 3 ವೋಲ್ಟೋ 6 ವೋಲ್ಟೋ, ಲೆನ್ಸ್ ಆಕಾರ ಎಲ್ಲಾ ಫೋಟೋ ತೆಗೆದು ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಪಾರ್ಟು ಸಿಗೋ ಎಸ್‌ಪಿ ರೋಡಲ್ಲಿ ಮೂರರ ಸೆಟ್ ತಂದೆ, ಐನೂರರ ಒಳಗೇ ಆಯ್ತು. ಅಂಟಿಸುವಾಗ ಪಟ್ಟಿ ಹಿಂದಿನ ತಗಡಿಗೆ ಪೂರ್ತಿ ಕೂರ್ಬೇಕು, ಗಾಳಿ ಬಿಟ್ರೆ ಶಾಖ ಹೋಗಲ್ಲ. ಶೀಟ್ ಮುಚ್ಚೋ ಮುಂಚೆ ಟೆಸ್ಟರಲ್ಲಿ ಹದಿನೆಂಟೂ ಉರಿಯುತ್ತಾ ನೋಡಿದೆ.

ಇಷ್ಟಕ್ಕೇ ಬಿಟ್ಟಿದ್ರೂ ನಡೀತಿತ್ತು, ಆದ್ರೆ ಎಲ್ಇಡಿ ಸಾಯೋದು ಜಾಸ್ತಿ ಕರೆಂಟಿಗೆ, ಶಾಖಕ್ಕೆ. ಮೆನುನಲ್ಲಿ ಬ್ಯಾಕ್‌ಲೈಟ್ 60ಕ್ಕೆ ಇಡಿ ಅಂದ್ರೆ ಯಾರ ಮನೇಲೂ ಇಡಲ್ಲ, ಕ್ರಿಕೆಟ್ ಬಂದ್ರೆ ಚಿಕ್ಕಪ್ಪ 100 ಮಾಡ್ತಾರೆ. ಅದಕ್ಕೆ ಡ್ರೈವರ್ ಹತ್ರ ಕರೆಂಟ್ ಅಳೆಯೋ ನಾಲ್ಕು ಸಣ್ಣ ರೆಸಿಸ್ಟರ್ ಪ್ಯಾರಲಲ್ಲಾಗಿ, ಅಂದ್ರೆ ಪಕ್ಕಪಕ್ಕ ಜೋಡಿಸಿದ್ವು, ನಾಲ್ಕೂ ಒಂದೇ ಓಮ್‌ನವು, ಒಂದನ್ನ ಕಿತ್ತೆ. ಕರೆಂಟು ಕಾಲು ಭಾಗ ಇಳೀತು, ಮೆನುನಲ್ಲಿ 100 ಇಟ್ರೂ ಈಗ ಅದು 75ರ ಲೆಕ್ಕ. ಕನೆಕ್ಟರಲ್ಲಿ ವೋಲ್ಟೇಜ್ 53ರ ಹತ್ರ ಗಟ್ಟಿಯಾಗಿ ನಿಂತ್ಮೇಲೆ ಕವರ್ ಮುಚ್ಚಿ, ಊಟ ಮುಗಿಸಿ ಮಲಗೋ ತಂಕ ಆನಲ್ಲೇ ಬಿಟ್ಟಿದ್ದೆ. ಬೆಳಕು ಸ್ವಲ್ಪ ಕಮ್ಮಿ ಆಯ್ತಲ್ವಾ ಅಂತ ಚಿಕ್ಕಪ್ಪ ಮಾತ್ರ ಎರಡು ಸಲ ಕೇಳಿದ್ರು, ಹೊಸ ಪಟ್ಟಿ ಹಾಗೇ ಇರುತ್ತೆ ಅಂತ ಹೇಳಿ ಸುಮ್ನಾದೆ.