ಎಲೆ ಹಿಸುಕಿದರೆ ಅಯೋಡೆಕ್ಸ್ ವಾಸನೆ: ಊಟಿಯಲ್ಲಿ ವಿಂಟರ್‌ಗ್ರೀನ್ ಗುರುತಿಸುವುದು ಹೇಗೆ

ಊಟಿಗೆ ಹೋದವರೆಲ್ಲ ನೀಲಗಿರಿ ಎಣ್ಣೆ ತರುತ್ತಾರೆ. ಆ ಮರ ಬಂದಿದ್ದು ಆಸ್ಟ್ರೇಲಿಯಾದಿಂದ. ಅದೇ ಅಂಗಡಿಯಲ್ಲಿ ವಿಂಟರ್‌ಗ್ರೀನ್ ಎಣ್ಣೆ ಅಂತ ಇನ್ನೊಂದು ಬಾಟಲಿ ಸಿಗುತ್ತದೆ. ಆ ಗಿಡ ಮಾತ್ರ ನಿಜವಾಗಿಯೂ ಆ ಬೆಟ್ಟದ್ದೇ. ಆಯುರ್ವೇದದವರು ಗಂಧಪುರ ಅನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಗಾಲ್ತೇರಿಯಾ ಫ್ರಾಗ್ರಾಂಟಿಸ್ಸಿಮಾ. ರೋಡೊಡೆಂಡ್ರಾನ್, ಬ್ಲೂಬೆರಿ ಇರುವ ಎರಿಕೇಸಿ ಕುಟುಂಬದ್ದು. ಇದನ್ನು ನೋಡುವುದಕ್ಕೆಂದೇ ನಾನು ಮೈಸೂರಿನಿಂದ ಎಷ್ಟೋ ಸಲ ಬಸ್ ಹತ್ತಿದ್ದೇನೆ.

ಹುಡುಕಬೇಕಾದ್ದು 1500 ಮೀಟರಿಗಿಂತ ಮೇಲೆ, ಶೋಲಾ ಕಾಡಿನ, ಅಂದರೆ ಬೆಟ್ಟದ ಕಣಿವೆಗಳಲ್ಲಿರುವ ನಿತ್ಯಹಸಿರು ಕಾಡಿನ ಅಂಚಿನಲ್ಲಿ. ದೊಡ್ಡಬೆಟ್ಟಕ್ಕೆ ಹತ್ತುವ ದಾರಿ ಒಳ್ಳೆಯ ಜಾಗ. ಸಾಮಾನ್ಯವಾಗಿ ಆಳೆತ್ತರದ ಪೊದೆ, ವರ್ಷವಿಡೀ ಹಸಿರು. ಎಲೆಗಳು ಎದುರುಬದುರಾಗಿರುವುದಿಲ್ಲ, ಒಂದಾದ ಮೇಲೊಂದು ಬರುತ್ತವೆ. ದಪ್ಪ ಎಲೆ, ಅಂಚಿನಲ್ಲಿ ಸಣ್ಣ ಹಲ್ಲು. ತಿರುಗಿಸಿ ನೋಡಿ: ಅಡಿಯಲ್ಲಿ ಚಿಕ್ಕ ಚಿಕ್ಕ ಕಂದು ಚುಕ್ಕೆಗಳು.

ಈಗ ವಾಸನೆ. ಕಾಡಿನ ಗಿಡ, ಕೀಳುವುದು ಬೇಡ. ಕೆಳಗೆ ಬಿದ್ದ ಹಸಿ ಎಲೆ ಸಿಕ್ಕರೆ ಹಿಸುಕಿ. ಮಂಡಿನೋವಿಗೆ ಅಜ್ಜಿ ಹಚ್ಚುತ್ತಿದ್ದ ಅಯೋಡೆಕ್ಸ್ ನೆನಪಾಗುತ್ತದೆ, ಅಲ್ವಾ? ಮೀಥೈಲ್ ಸ್ಯಾಲಿಸಿಲೇಟ್ ಅನ್ನುವ ವಸ್ತು ಅದು. ಎಲೆಯ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅದೇ. ಎಲೆ ಬಾಯಿಗೆ ಹಾಕಬೇಡಿ. ಎಣ್ಣೆಯಂತೂ ಮಕ್ಕಳ ಕೈಗೆ ಸಿಗಲೇಬಾರದು. ಒಂದು ಟೀ ಚಮಚ ಹೊಟ್ಟೆಗೆ ಹೋದರೆ ಸುಮಾರು 7 ಗ್ರಾಂ ಆಸ್ಪಿರಿನ್ ನುಂಗಿದಂತೆ, ಜೀವಕ್ಕೇ ಅಪಾಯ.

ವಾಸನೆಯೊಂದನ್ನೇ ನಂಬಿ ನಾನು ಮೊದಲ ಸಲ ತಪ್ಪಿದ್ದೆ. ಒಂದು ಎಲೆ ಹಿಸುಕಿದೆ, ಖುಷಿಯಾಯಿತು. ಪಕ್ಕದ ಗಿಡದ ಎಲೆಯೂ ಅದೇ ವಾಸನೆ. ಅದರಾಚೆಯದೂ ಅದೇ! ವಾಸನೆ ಇದ್ದದ್ದು ನನ್ನ ಬೆರಳಲ್ಲಿ. ಅದು ಬೇಗ ಹೋಗುವುದಿಲ್ಲ. ಎರಡನೇ ಗಿಡಕ್ಕೆ ಇನ್ನೊಂದು ಕೈ ಬಳಸಿ.

ಹೂ ಬಿಟ್ಟಿದ್ದರೆ ಲೆನ್ಸ್ ತೆಗೆಯಿರಿ. ಎಲೆಯ ಕಂಕುಳಿನಿಂದ ಹೊರಟ ಗೊಂಚಲಿನಲ್ಲಿ ಬಿಳಿ ಹೂಗಳು, ಒಂದೊಂದೂ ಬಾಯಿ ಕಿರಿದಾದ ಪುಟ್ಟ ಕುಡಿಕೆ. ಅರ್ಧ ಸೆಂಟಿಮೀಟರ್ ಇದ್ದರೆ ಜಾಸ್ತಿ. ಒಳಗೆ ಹತ್ತು ಕೇಸರ. ಪ್ರತಿಯೊಂದರ ತುದಿಯಲ್ಲೂ ಕೂದಲಿನಷ್ಟು ಸಣ್ಣ ಕೊಂಬುಗಳು. ಪರಾಗ ಉದುರುವುದು ತುದಿಯ ತೂತಿನಿಂದ, ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟ ಇದರ ಹಣ್ಣು. ನೋಡಿದರೆ ಕಡುನೀಲಿ ಬೆರಿ. ಆದರೆ ಆ ನೀಲಿ ತಿರುಳು ಹಣ್ಣಿನದಲ್ಲ. ಬದನೆಕಾಯಿಯ ತಲೆ ಮೇಲೆ ಹಸಿರು ಟೋಪಿ ಇರುತ್ತದಲ್ಲ, ಹೂವಿನ ಆ ಭಾಗವೇ ಇಲ್ಲಿ ಉಬ್ಬಿ, ರಸ ತುಂಬಿಕೊಂಡು, ಬಣ್ಣ ತಿರುಗಿ ಕಾಯಿಯನ್ನು ಸುತ್ತಿಕೊಳ್ಳುತ್ತದೆ. ಉದುರಿದ ಹಣ್ಣೊಂದನ್ನು ಉಗುರಿನಿಂದ ಬಿಡಿಸಿ. ಒಳಗೆ ಐದು ಹೋಳಾಗಿ ಬಿರಿಯುವ ಒಣ ಕಾಯಿ, ಅದರಲ್ಲಿ ಸಣ್ಣ ಬೀಜಗಳು.

ಅಲ್ಲೇ ಬೆಳೆಯುವ ವ್ಯಾಕ್ಸೀನಿಯಂ, ಅಂದರೆ ಬ್ಲೂಬೆರಿಯ ನಂಟ, ಇದರ ಜೊತೆ ಗೊಂದಲ ಮಾಡುತ್ತದೆ. ಅದರ ಹೂವೂ ಕುಡಿಕೆಯೇ. ಆದರೆ ಎಲೆಗೆ ಈ ವಾಸನೆ ಇಲ್ಲ. ಹಣ್ಣು ಹಿಸುಕಿದರೆ ಒಳಗೂ ಮೆತ್ತಗೆ, ಒಣ ಕಾಯಿ ಸಿಗುವುದಿಲ್ಲ. ತುದಿಯಲ್ಲಿ ಸೀಬೆಹಣ್ಣಿಗಿರುವಂಥ ಪುಟ್ಟ ಕಿರೀಟ ಕಂಡರೆ ಅದು ವ್ಯಾಕ್ಸೀನಿಯಂ.